ಕುಂಚಾವರಂ ತಾಂಡಾಗಳ ಮಕ್ಕಳಿಗೆ ಶಾಲೆಯ ದಾರಿ

(ಶಹಾಬಾದಿನಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ನಮ್ಮ ಪಕ್ಷದ ಕಾರ್ಯಕರ್ತರು ಮಾಡಿದ ಭಾಷಣದ ಪಾಠ)



ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಬೇಗನೆ ಎಳೆದು ನೀವು ಇಲ್ಲಿ ಸೇರಿದ್ದೀರಿ. ಕಂತ್ರಾಟು ಕೂಲಿಯ ದರ, ಭವಿಷ್ಯನಿಧಿಯ ಲೆಕ್ಕ, ಸಣ್ಣ ವ್ಯಾಪಾರದ ಮೇಲಿನ ತೆರಿಗೆ, ಇಂಥ ಮಾತುಗಳನ್ನು ಕೇಳಬೇಕೆಂದು ಬಂದವರಿಗೆ ಚಿಂಚೋಳಿ ತಾಲೂಕಿನ ಗಡಿಯ ಮೂಲೆಯಲ್ಲಿರುವ ಕುಂಚಾವರಂ ಕಾಡಿನ ಮಕ್ಕಳ ಗೊಡವೆ ಏಕೆ ಎಂದು ಅನ್ನಿಸಬಹುದು. ಅನ್ನಿಸಿದರೆ ತಪ್ಪಿಲ್ಲ. ಆದುದರಿಂದ ಮೊದಲು ಆ ಪ್ರಶ್ನೆಗೇ ಉತ್ತರ ಹೇಳಿ ಮುಂದೆ ಹೋಗೋಣ.

ಸಿಮೆಂಟು ಕಾರ್ಖಾನೆಯ ಗೇಟಿನ ಹೊರಗೆ ಬೆಳಿಗ್ಗೆ ನಿಲ್ಲುವ ಸಾಲನ್ನು ನೀವು ನೋಡಿದ್ದೀರಿ. ಫರ್ಸಿ ಕಲ್ಲಿನ ಖಣಿಯಲ್ಲಿ ಬಂಡೆ ಎಬ್ಬಿಸುವವರನ್ನು ನೋಡಿದ್ದೀರಿ. ಅವರಲ್ಲಿ ಎಷ್ಟೋ ಮಂದಿ ತಾಂಡಾಗಳಿಂದ ಬಂದವರು. ಹಾಜರಿ ಪುಸ್ತಕದಲ್ಲಿ ಎಷ್ಟು ದಿನ ಬರೆದಿದೆ ಎಂದು ಅವರಿಗೆ ಓದಲು ಬಾರದು. ಮುಕಾದಮ ಹೇಳಿದ್ದೇ ಲೆಕ್ಕ, ಕೊಟ್ಟದ್ದೇ ಕೂಲಿ. ಭವಿಷ್ಯನಿಧಿ ಎಷ್ಟು ಕಟ್ಟಿದ್ದಾರೆಂಬ ಕಾಗದ ಕೈಗೆ ಬಂದರೂ ಅದು ಅವರ ಪಾಲಿಗೆ ಬರಿಯ ಕಾಗದ. ಹೆಬ್ಬೆಟ್ಟು ಒತ್ತುವ ನೂರು ಜನ ಗೇಟಿನ ಹೊರಗೆ ಕಾದಿರುವ ತನಕ, ಓದು ಬಲ್ಲ ಹತ್ತು ಜನರು ಒಳಗೆ ನಿಂತು ನ್ಯಾಯವಾದ ಕೂಲಿ ಕೇಳುವುದು ಕಷ್ಟ. ಇಂದು ಕುಂಚಾವರಂ ತಾಂಡಾದಲ್ಲಿ ಶಾಲೆ ತಪ್ಪಿಸಿಕೊಂಡ ಎಂಟು ವರ್ಷದ ಹುಡುಗನೇ ಹತ್ತು ವರ್ಷದ ಮೇಲೆ ಅರ್ಧ ಕೂಲಿಗೆ ಒಪ್ಪಿ ನಿಮ್ಮ ಗೇಟಿಗೆ ಬರುತ್ತಾನೆ. ಅವನ ಅನಕ್ಷರತೆ ಅವನೊಬ್ಬನ ದುರ್ದೈವವಲ್ಲ, ನಿಮ್ಮ ಸಂಬಳದ ಚೀಟಿಯಲ್ಲಿಯೂ ಅದರ ಲೆಕ್ಕ ಕಾಣಿಸುತ್ತದೆ. ಇಂದಿನ ಮಾತು ಕಾರ್ಮಿಕರ ಮಾತೇ ಆಗಿದೆ ಎಂದು ನಾವು ಹೇಳುವುದು ಇದಕ್ಕಾಗಿ.

ಕಲ್ಲಿಗೆ ದಾರಿಯಾಯಿತು, ಕೂಸಿಗೆ ಆಗಲಿಲ್ಲ

ನಮ್ಮ ಸೀಮೆ ಬಡವಾದ ಸೀಮೆಯೇನೂ ಅಲ್ಲ. ನೆಲದ ಕೆಳಗೆ ಸುಣ್ಣದ ಕಲ್ಲು, ನೆಲದ ಮೇಲೆ ತೊಗರಿ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ. ಓದಿಲ್ಲದ ಜನರೂ ಇಲ್ಲಿ ಕಾವ್ಯ ಬಲ್ಲವರು ಎಂದು ಆ ಗ್ರಂಥ ನಮ್ಮ ಜನರನ್ನು ಹೊಗಳುತ್ತದೆ. ಹೊಗಳಿಕೆ ಒಳ್ಳೆಯದೇ. ಆದರೆ ಸಾವಿರದ ನೂರು ವರ್ಷಗಳ ತರುವಾಯವೂ ಅದೇ ನೆಲದ ಮಕ್ಕಳು ಓದಿಲ್ಲದೆಯೇ ಉಳಿದರೆ ಆ ಹೊಗಳಿಕೆಯನ್ನು ಯಾವ ಮುಖದಿಂದ ಹೇಳಿಕೊಳ್ಳುವುದು?

1874ರಲ್ಲಿ ನಿಜಾಮನ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಹಾಯ್ದು ಹೈದರಾಬಾದಿನ ಕಡೆಗೆ ಹೋಯಿತು. ಅದಕ್ಕೆ ಮುಂಚೆ ಈ ಸೀಮೆಯಲ್ಲಿ ಉಪ್ಪು, ಧಾನ್ಯಗಳನ್ನು ಎತ್ತುಗಳ ಮೇಲೆ ಹೇರಿಕೊಂಡು ಊರಿಂದೂರಿಗೆ ಸಾಗಿಸುತ್ತಿದ್ದವರು ಯಾರು? ಲಂಬಾಣಿಗರು. ರೈಲು ಬಂತು, ಹೇರೆತ್ತಿನ ಕೆಲಸ ಹೋಯಿತು. ದೇಶಕ್ಕೆಲ್ಲ ಸರಕು ಹೊತ್ತ ಜನ ಕಾಡಿನ ಅಂಚಿನಲ್ಲಿ ತಾಂಡಾ ಕಟ್ಟಿಕೊಂಡು ಕಟ್ಟಿಗೆ ಮಾರಿ, ಕೂಲಿ ಮಾಡಿ ಬದುಕಬೇಕಾಯಿತು. ಕುಂಚಾವರಂ ಸುತ್ತಮುತ್ತಲಿನ ಕಾಡು ಅಂಥ ತಾಂಡಾಗಳ ಕಾಡು. 2011ರಲ್ಲಿ ಅದರ ಒಂದು ಭಾಗ ಚಿಂಚೋಳಿ ವನ್ಯಜೀವಿಧಾಮವಾಯಿತು. ಮೃಗಗಳಿಗೆ ರಕ್ಷಣೆ ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದೇ ಕಾಡಿನಲ್ಲಿ ಮನುಷ್ಯರ ಕೂಸುಗಳೂ ಇವೆ ಎಂಬುದನ್ನು ಸರ್ಕಾರ ಮರೆಯಬಾರದು. ಸುಣ್ಣದ ಕಲ್ಲು ಸಾಗಿಸಬೇಕಾದರೆ ಗುಡ್ಡ ಒಡೆದು ದಾರಿ ಮಾಡುತ್ತಾರೆ. ಕೂಸು ಶಾಲೆಗೆ ಹೋಗಬೇಕಾದರೆ ಹಳ್ಳ ಇಳಿಯಲಿ, ನಡೆಯಲಿ ಎನ್ನುತ್ತಾರೆ.

ಕಾಯಿದೆಯ ಮಾತು ಮತ್ತು ಕಾಲದ ಲೆಕ್ಕ

ಕಾಯಿದೆ ಇಲ್ಲವೇ ಎಂದರೆ, ಬೇಕಾದಷ್ಟು ಇವೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ಅನುಚ್ಛೇದ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗಾಗಿ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು ಹೇಳಿತು. ಅಂದರೆ 1960ಕ್ಕೆ ಕೆಲಸ ಮುಗಿಯಬೇಕಿತ್ತು. 1961ರಲ್ಲಿ ಮೈಸೂರು ರಾಜ್ಯ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಮಾಡಿತು. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಶಿಕ್ಷಣವು ಮೂಲಭೂತ ಹಕ್ಕು ಎಂದಿತು. 2002ರಲ್ಲಿ ಸಂವಿಧಾನಕ್ಕೆ 86ನೆಯ ತಿದ್ದುಪಡಿಯಾಯಿತು. ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 1960ರಲ್ಲಿ ಆರು ವರ್ಷದವಳಾಗಿದ್ದ ಹುಡುಗಿಗೆ ಹಕ್ಕು ಕೈಗೆ ಬರುವಷ್ಟರಲ್ಲಿ ಐವತ್ತಾರು ವರ್ಷ. ಅವಳ ಮೊಮ್ಮಕ್ಕಳೇ ಶಾಲೆಯ ವಯಸ್ಸಿಗೆ ಬಂದಿದ್ದರು!

ಆ ಮೊಮ್ಮಕ್ಕಳ ಗತಿಯಾದರೂ ಏನಾಯಿತು? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ಸುಮಾರು 75 ಇದ್ದಾಗ ನಮ್ಮ ಜಿಲ್ಲೆಯದು 65ರ ಆಸುಪಾಸು. ಹೆಂಗಸರಲ್ಲಿ 55ರ ಆಸುಪಾಸು. 2025ರ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಕ್ಕಳು ಪಾಸಾದರು, ಕಲಬುರಗಿಯಲ್ಲಿ ಪಾಸಾದವರು ನೂರಕ್ಕೆ 42. ರಾಜ್ಯಕ್ಕೆ ನಾವೇ ಕಡೆ. ಈ 42ರ ಲೆಕ್ಕ ಪರೀಕ್ಷೆಯ ಕೋಣೆಯ ತನಕ ಬಂದವರದು ಮಾತ್ರ. ಐದನೆಯದರಲ್ಲೋ ಏಳನೆಯದರಲ್ಲೋ ದಾರಿಯಲ್ಲಿಯೇ ಉದುರಿಹೋದವರು ಯಾವ ನೂರರಲ್ಲಿಯೂ ಸೇರಿಲ್ಲ.

ಈ ಸೀಮೆಗೆ ನಾಯಕರ ಕೊರತೆಯೂ ಇರಲಿಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಬಾರಿ ಮುಖ್ಯಮಂತ್ರಿಗಳಾದರು. 2002ರಲ್ಲಿ ನಂಜುಂಡಪ್ಪನವರ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ, ಅವುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ ಆಗಿದ್ದವು. ಹೋರಾಟದ ಫಲವಾಗಿ 2012ರ ಕೊನೆಯಲ್ಲಿ ಸಂಸತ್ತು 371(ಜೆ) ಅನುಚ್ಛೇದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನ ಇಲ್ಲಿಯವರಿಗೆ ಎಂದಾಯಿತು. ಬಹಳ ಒಳ್ಳೆಯದು. ಆದರೆ ಒಂದು ಮಾತು ಯೋಚಿಸಿರಿ. ಮೆಡಿಕಲ್ ಕಾಲೇಜಿನ ಬಾಗಿಲು ತೆರೆದಿದೆ. ಐದನೆಯ ತರಗತಿಗೇ ಶಾಲೆ ಬಿಟ್ಟ ತಾಂಡಾದ ಹುಡುಗಿ ಆ ಬಾಗಿಲಿಗೆ ಬರುವುದು ಹೇಗೆ? ಮಾಳಿಗೆಗೆ ಏಣಿ ಹಾಕಿದ್ದಾರೆ, ಏಣಿಯ ಕೆಳಗಿನ ನಾಲ್ಕು ಮೆಟ್ಟಿಲು ಇಲ್ಲ. ಪೇಟೆಯ ಉಳ್ಳವರ ಮಕ್ಕಳು ನೆಗೆದು ಹತ್ತುತ್ತಾರೆ, ಕಾಡಿನ ಮಗು ಕೆಳಗೇ ನಿಲ್ಲುತ್ತದೆ.

ದಾರಿಯಲ್ಲಿ ಏನೇನು ಅಡ್ಡ?

'ಆ ಜನಕ್ಕೆ ಓದು ಬೇಡ, ಸರ್ಕಾರ ಎಲ್ಲ ಕೊಟ್ಟರೂ ಕಳಿಸುವುದಿಲ್ಲ' ಎಂದು ಕಟ್ಟೆಯ ಮೇಲೆ ಕುಳಿತವರು ಹೇಳುವುದುಂಟು. ಮಾಸ್ತರಿಕೆ ಮಾಡಿ ಬಂದ ನಾವು ಈ ಮಾತನ್ನು ಒಪ್ಪುವುದಿಲ್ಲ. ಮಗು ಓದಲಿ ಎಂದು ಬಯಸದ ತಾಯಿಯನ್ನು ನಾವು ಕಂಡಿಲ್ಲ. ಬಯಕೆಗೂ ಶಾಲೆಗೂ ನಡುವೆ ಅಡ್ಡಗಳಿವೆ. ಒಂದೊಂದನ್ನೇ ನೋಡೋಣ.

ಮೊದಲನೆಯದು ದೂರ. ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬುದು ನಿಯಮ. ಇದನ್ನು ಅಕ್ಷರಶಃ ಪಾಲಿಸಿದರೂ ಲೆಕ್ಕ ಹಾಕಿ: ಮೂರು ಕಿಲೋಮೀಟರು ಹೋಗಲು, ಮೂರು ಬರಲು, ದಿನಕ್ಕೆ ಆರು. ವರ್ಷಕ್ಕೆ 220 ದಿನ ಶಾಲೆ. ಒಟ್ಟು 1320 ಕಿಲೋಮೀಟರು. ವಾಡಿಯಿಂದ ಮುಂಬಯಿಗೆ ನಡೆದು ಹೋಗಿ ನಡೆದು ಬಂದರೂ ಇಷ್ಟಾಗದು! ಹನ್ನೊಂದು ವರ್ಷದ ಹುಡುಗಿ ಪ್ರತಿ ವರ್ಷ ಕಾಡಿನ ದಾರಿಯಲ್ಲಿ, ಮಳೆಗಾಲದ ಹಳ್ಳ ದಾಟಿ ಇಷ್ಟು ನಡೆಯಬೇಕು. ಇನ್ನು ಎಂಟನೆಯದು ಮುಗಿದ ಮೇಲೆ ಹೈಸ್ಕೂಲು ಇನ್ನೂ ದೂರ, ಆಗ ಕಾಯಿದೆಯ ಕೈಯೂ ಅಲ್ಲಿಗೆ ಮುಟ್ಟುವುದಿಲ್ಲ. ಐದಕ್ಕೆ ಒಂದು ಗಡಿ, ಎಂಟಕ್ಕೆ ಒಂದು ಗಡಿ. ಮಕ್ಕಳು ಉದುರುವುದು ಈ ಎರಡು ಗಡಿಗಳಲ್ಲಿಯೇ, ಅದರಲ್ಲಿಯೂ ಹೆಣ್ಣುಮಕ್ಕಳು ಹೆಚ್ಚು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲು ಕೊಡಲು ಆರಂಭಿಸಿತು. ಹುಡುಗಿಯರು ಸಾಲಾಗಿ ಸೈಕಲು ತುಳಿಯುತ್ತ ಹೈಸ್ಕೂಲಿಗೆ ಹೋಗುವುದನ್ನು ನಮ್ಮ ಹಳ್ಳಿಗಳು ಕಂಡವು. ಕೊರೊನಾ ವರ್ಷಗಳಲ್ಲಿ ಆ ಸೈಕಲು ನಿಂತುಹೋಯಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟು ಬೇಡ ಎಂದಾಯಿತು. ಇದೂ ಒಳ್ಳೆಯದೇ. ಆದರೆ ಬಸ್ಸೇ ಬಾರದ ತಾಂಡಾದಲ್ಲಿ ಟಿಕೇಟು ಮಾಫಿ ಮಾಡಿ ಏನು ಬಂತು? ಬಸ್ಸು ಬಂದರೂ ಶಾಲೆಯ ಗಂಟೆಗೆ ಬರಬೇಡವೆ?

ಎರಡನೆಯದು ಹಸಿವು. ಇದರಲ್ಲಿ ಒಂದು ನಿಜವಾದ ಗೆಲುವು ಆಗಿದೆ, ಅದನ್ನು ಒಪ್ಪಬೇಕು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. 2002ರ ಜೂನಿನಲ್ಲಿ ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಬಂತು. ಮೊಟ್ಟೆ ಬೇಡವೆಂದು ಗದ್ದಲ ಎಬ್ಬಿಸಿದವರ ಮನೆಯ ಮಕ್ಕಳು ಬಿಸಿಯೂಟದ ಸಾಲಿನಲ್ಲಿ ಕುಳಿತವರೇ ಎಂಬುದನ್ನು ನೀವೇ ಕೇಳಿಕೊಳ್ಳಿ. ಹೊಟ್ಟೆಗೆ ಬಿಸಿ ಅನ್ನ ಬಿದ್ದರೆ ಮಗು ಶಾಲೆಗೆ ಬರುತ್ತದೆ ಎಂಬುದು ಸಾಧಿತವಾದ ಸಂಗತಿ. ಜನ ಕೇಳಿ ಪಡೆದದ್ದು ಇದು, ಯಾರ ಕೃಪೆಯೂ ಅಲ್ಲ.

ಮೂರನೆಯದು ಗುಳೆ. ದೀಪಾವಳಿ ಮುಗಿಯಿತು, ಹೊಲದ ಕೆಲಸ ಕಡಿಮೆಯಾಯಿತು ಎಂದರೆ ತಾಂಡಾಗಳಿಂದ ಜನ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೊರಡುತ್ತಾರೆ. ಕಟ್ಟಡದ ಕೆಲಸಕ್ಕೆ ಕೆಲವರು, ಕಬ್ಬು ಕಡಿಯಲು ಕೆಲವರು. ಮುಕಾದಮನ ಮುಂಗಡ ಮೊದಲೇ ಖರ್ಚಾಗಿರುತ್ತದೆ, ಹೋಗದೆ ಗತಿಯಿಲ್ಲ. ಮಕ್ಕಳನ್ನು ಯಾರ ಬಳಿ ಬಿಡುವುದು? ಮುದುಕರಿದ್ದರೆ ಬಿಟ್ಟು ಹೋಗುತ್ತಾರೆ, ಇಲ್ಲವಾದರೆ ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು. ದೊಡ್ಡ ಹುಡುಗಿ ಚಿಕ್ಕದನ್ನು ನೋಡಿಕೊಳ್ಳಲು ಬೇಕು. ಮಳೆಗಾಲಕ್ಕೆ ತಿರುಗಿ ಬಂದಾಗ ಪಾಠ ಅರ್ಧ ವರ್ಷ ಮುಂದೆ ಹೋಗಿರುತ್ತದೆ. ಮಗು ಹಿಂದಿನ ಬೆಂಚಿನಲ್ಲಿ ಎರಡು ದಿನ ಸುಮ್ಮನೆ ಕುಳಿತು, ಮೂರನೆಯ ದಿನ ದನದ ಹಿಂದೆ ಹೋಗುತ್ತದೆ. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆ ನಡೆಸುವ ಏರ್ಪಾಟು ಸರ್ವಶಿಕ್ಷಣ ಅಭಿಯಾನದ ಕಾಲದಿಂದ ಇದೆ. ಆದರೆ ಜನ ಊರು ಬಿಡುವ ಮೊದಲೇ ಅದು ತೆರೆದರೆ ಮಾತ್ರ ಪ್ರಯೋಜನ. ಜನ ಹೋದ ಮೇಲೆ ಮಂಜೂರಾತಿ ಬಂದರೆ ಅಲ್ಲಿ ಮಲಗುವವರು ಯಾರು?

ನಾಲ್ಕನೆಯದು ಭಾಷೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಗಡಿಯ ಸಂತೆಯಲ್ಲಿ ತೆಲುಗು ಕೇಳುತ್ತದೆ. ಶಾಲೆಯಲ್ಲಿ ಕನ್ನಡ. ಮೊದಲ ದಿನ ಮಾಸ್ತರು ಹೇಳುವುದು ಮಗುವಿಗೆ ತಿಳಿಯದು, ಮಗು ಹೇಳುವುದು ಮಾಸ್ತರಿಗೆ ತಿಳಿಯದು. ಮಗು ಮಂಕು ಎಂದು ಬರೆದುಬಿಡುತ್ತಾರೆ. ಈ ಸಂಕಟ ನಮಗೆ ಹೊಸದಲ್ಲ. 1948ಕ್ಕೆ ಮುಂಚೆ ನಿಜಾಮನ ಆಳ್ವಿಕೆಯಲ್ಲಿ ಕನ್ನಡದ ಮಕ್ಕಳು ಮನೆಯಲ್ಲಿ ಕೇಳದ ಉರ್ದುವಿನಲ್ಲಿ ಗಣಿತ, ಭೂಗೋಳ ಕಲಿಯಬೇಕಾಗಿತ್ತು. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ಶಾಲೆ ಬಿಟ್ಟದ್ದು ಇದೇ ಕಾರಣದಿಂದ. ನಮಗೆ ಆದ ಅನ್ಯಾಯವನ್ನು ಮರೆಯದ ನಾವು ಅದನ್ನೇ ಲಂಬಾಣಿ ಮಗುವಿಗೆ ಮಾಡಬಾರದು. ಕನ್ನಡ ಕಲಿಯಲಿ, ಕಲಿಯಲೇಬೇಕು, ಅದಿಲ್ಲದೆ ಈ ನಾಡಿನಲ್ಲಿ ಅದರ ಹಕ್ಕು ಕೇಳುವವರಿಲ್ಲ. ಆದರೆ ಅದರ ಮನೆಮಾತಿನ ಕೈ ಹಿಡಿದು ಕನ್ನಡಕ್ಕೆ ಕರೆತರಬೇಕು. ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ತಾಲೂಕಿನಲ್ಲಿ ಮಾಸ್ತರರೇ ಮುಂದಾಗಿ ನಲಿ-ಕಲಿ ಪದ್ಧತಿಯನ್ನು ಕಟ್ಟಿದರು. ಮಗು ತನ್ನ ವೇಗದಲ್ಲಿ, ಚೀಟಿ, ಹಾಡು, ಆಟಗಳ ಮೂಲಕ ಕಲಿಯುತ್ತದೆ. ಅಲ್ಲಿ ಹುಟ್ಟಿದ್ದು ರಾಜ್ಯಕ್ಕೆಲ್ಲ ಹರಡಿತು. ತಾಂಡಾದಲ್ಲಿಯೇ ಹುಟ್ಟಿ ಓದಿದ ಹುಡುಗ ಹುಡುಗಿಯರು ತಾಂಡಾದ ಶಾಲೆಗೆ ಶಿಕ್ಷಕರಾಗಿ ಬಂದರೆ ಅರ್ಧ ಕಷ್ಟ ತೀರಿತು.

ಐದನೆಯದು ಕಾಗದ. ಬಹಳ ಕಾಲ ಎಷ್ಟೋ ತಾಂಡಾಗಳಿಗೆ ಕಂದಾಯ ದಫ್ತರದಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲದ ಊರಿಗೆ ಶಾಲೆ, ರಸ್ತೆ, ನಳ ಯಾರು ಕೊಡುತ್ತಾರೆ? ತಾಂಡಾ, ಹಟ್ಟಿಗಳಲ್ಲಿ ಇರುವವರಿಗೆ ಅವರ ಮನೆಯ ಅಡಿಯ ಜಾಗ ಸಿಗಬೇಕೆಂದು ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದದ್ದು ತೀರ ಈಚೆಗೆ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಮಂತ್ರಿಗಳು ಐವತ್ತು ಸಾವಿರಕ್ಕೂ ಮೀರಿದ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ನಡೆಸಿದರು. ಮನೆಯ ಕಾಗದ ಬಂತು. ಇನ್ನು ಊರಿಗೆ ಸಲ್ಲತಕ್ಕ ಶಾಲೆಯೂ ಬರಬೇಕು. ಮಗುವಿನ ಹೆಸರಿನಲ್ಲಿ ಕಾಗದ ಇಲ್ಲವೆಂದು ಯಾರಾದರೂ ತಿರುಗಿಸಿ ಕಳಿಸಿದರೆ ನೆನಪಿಡಿ: ವಯಸ್ಸಿನ ದಾಖಲೆ ಇಲ್ಲವೆಂದು ದಾಖಲು ಮಾಡಿಕೊಳ್ಳದೆ ಇರುವುದು ಕಾಯಿದೆಗೆ ವಿರುದ್ಧ. ಹಳೆಯ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಬಾಗಿಲು ಮುಚ್ಚುವುದೂ ವಿರುದ್ಧ. ಓದು ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಪಾಠ ಹೇಳಬೇಕೆಂಬುದೂ ಕಾಯಿದೆಯೇ.

ಈ ಐದರ ಮೇಲೆ ಕೊರೊನಾ ಬಂತು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಮೊಬೈಲಿನಲ್ಲಿ ಪಾಠ ಎಂದರು. ಸಿಗ್ನಲ್ಲೇ ಸಿಗದ ಕಾಡಿನಲ್ಲಿ, ಮನೆಗೊಂದು ಫೋನೂ ಇಲ್ಲದ ಕಡೆ ಯಾವ ಪಾಠ? ಆ ಆಗಸ್ಟಿನಲ್ಲಿ ಮರದ ನೆರಳಲ್ಲಿ, ಗುಡಿಯ ಕಟ್ಟೆಯಲ್ಲಿ ಪಾಠ ಹೇಳುವ ವಿದ್ಯಾಗಮ ಆರಂಭವಾಯಿತು, ಅಕ್ಟೋಬರಿನಲ್ಲಿ ಅದೂ ನಿಂತಿತು. ಆ ದಿನಗಳಲ್ಲಿ ಅಕ್ಷರ ಕಲಿಯಬೇಕಾಗಿದ್ದ ಮಕ್ಕಳೇ ಈಗ ದೊಡ್ಡ ತರಗತಿಗಳಲ್ಲಿ ಕುಳಿತು ಓದಲು ತಡವರಿಸುತ್ತಿರುವುದು.

ಮುಂದೆ ನಡೆದವರು

ಆಗದ ಕೆಲಸ ಎನ್ನುವವರಿಗೆ ಆಗಿರುವುದನ್ನು ತೋರಿಸೋಣ. ಕೊಲ್ಹಾಪುರದ ಶಾಹೂ ಮಹಾರಾಜರು 1917ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ಮಕ್ಕಳನ್ನು ಕಳಿಸದ ತಂದೆತಾಯಿಗಳಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಅದಕ್ಕೂ ಮುಂಚೆ ಹಿಂದುಳಿದವರ ಮಕ್ಕಳಿಗೆ ಹಾಸ್ಟೆಲುಗಳನ್ನು ಕಟ್ಟಿಸಿದರು. ಹಾಸ್ಟೆಲಿಲ್ಲದೆ ಬಡವರಿಗೆ ಓದಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಅದೇ ನೆಲದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಆರಂಭಿಸಿ, ಎಲ್ಲ ಜಾತಿಯ ಬಡ ಮಕ್ಕಳನ್ನು ಒಂದೇ ಸೂರಿನಡಿ ಇಟ್ಟು, ದುಡಿಯುತ್ತಾ ಓದುವ ದಾರಿ ತೋರಿಸಿದರು. ಮದರಾಸಿನಲ್ಲಿ ಕಾಮರಾಜರು 1956ರಲ್ಲಿ ಶಾಲೆಯ ಮಧ್ಯಾಹ್ನದ ಊಟಕ್ಕೆ ಅಡಿಗಲ್ಲು ಹಾಕಿದರು. ಅವರೇ ಬಡತನದಿಂದ ಓದು ಬಿಟ್ಟವರು.

ವ್ಯಾಪಾರಿ ಮಿತ್ರರಿಗೆ ಇನ್ನೊಬ್ಬರ ಹೆಸರು ಹೇಳುತ್ತೇವೆ. ಮಂಗಳೂರಿನ ಬಸ್ಸು ನಿಲ್ದಾಣದಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬನವರು. ಪರದೇಶದವರೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ನಾಚಿಕೆಯನ್ನು ಮನಸ್ಸಿಗೆ ಹಚ್ಚಿಕೊಂಡು, ತಮ್ಮೂರಿನ ಮಕ್ಕಳಿಗೆ ಹೀಗಾಗಬಾರದೆಂದು ದಿನದ ಗಳಿಕೆಯಲ್ಲಿ ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಗಮನಿಸಿ, ಅವರು ಮಾಡಿಸಿದ್ದು ಸರ್ಕಾರಿ ಶಾಲೆ. ಹಣವನ್ನೂ ಕೊಟ್ಟರು, ಸರ್ಕಾರದ ಬಾಗಿಲನ್ನೂ ಬಡಿದರು.

ದಾನವೋ ಹಕ್ಕೋ?

ಇಲ್ಲಿ ನಮ್ಮೊಳಗೇ ಒಂದು ವಾದವಿದೆ. ನೋಟುಬುಕ್ಕು, ಚೀಲ ಹಂಚಿದರೆ ಸರ್ಕಾರ ತನ್ನ ಹೊಣೆ ಜಾರಿಸಿಕೊಳ್ಳುತ್ತದೆ, ಆದುದರಿಂದ ಹೋರಾಟವೊಂದೇ ಸಾಕು ಎನ್ನುವ ಸಂಗಾತಿಗಳಿದ್ದಾರೆ. ಅವರ ಭಯ ಸುಳ್ಳಲ್ಲ. ಆಗಸ್ಟು ಹದಿನೈದಕ್ಕೆ ನಾಲ್ಕು ನೋಟುಬುಕ್ಕು ಹಂಚಿ ಫೋಟೋ ತೆಗೆಸಿಕೊಂಡು ಹೋಗುವ ಧರ್ಮವನ್ನು ನಾವೂ ಬಲ್ಲೆವು. ಮಾಸ್ತರರೇ ಇಲ್ಲದ ಶಾಲೆಯಲ್ಲಿ ಹೊಸ ನೋಟುಬುಕ್ಕು ಏನು ಮಾಡೀತು? ಆದರೆ ಹೋರಾಟ ಗೆಲ್ಲುವ ತನಕ ಮಗು ಬೆಳೆಯುವುದನ್ನು ನಿಲ್ಲಿಸಿ ಕಾಯುವುದಿಲ್ಲ. ಏಳು ವರ್ಷದ್ದು ಎಂಟಾಗುತ್ತದೆ, ಎಂಟು ಹತ್ತಾಗುತ್ತದೆ. ಆದುದರಿಂದ ಎರಡೂ ಬೇಕು: ಒಂದು ಕೈಯಲ್ಲಿ ಜೋಳದ ಮುಷ್ಟಿ, ಇನ್ನೊಂದು ಕೈಯಲ್ಲಿ ಅರ್ಜಿ. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ನಾಡಿನವರಿಗೆ ಮುಷ್ಟಿಯ ಬೆಲೆ ಹೇಳಿಕೊಡಬೇಕಾಗಿಲ್ಲ. ದಾಸೋಹದಲ್ಲಿ ಕೊಡುವವನು ಮೇಲಲ್ಲ, ಉಣ್ಣುವವನು ಕೀಳಲ್ಲ. ನಮ್ಮ ನೆರವೂ ಹಾಗೆಯೇ ಇರತಕ್ಕದ್ದು.

ಇನ್ನೊಂದು ಎಚ್ಚರ. ಮಕ್ಕಳ ಸಂಖ್ಯೆ ಕಡಿಮೆ ಎಂದು ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗಳಿಗೆ ಸೇರಿಸುವ ಮಾತು ಆಗಾಗ ಕೇಳಿಬರುತ್ತದೆ. ಪೇಟೆಯಲ್ಲಿ ಅದು ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋದಂತೆ. ಕುಂಚಾವರಂ ಕಾಡಿನಲ್ಲಿ ಹಾಗಲ್ಲ, ಅಲ್ಲಿ ಒಂದು ಶಾಲೆ ಮುಚ್ಚಿದರೆ ಹುಡುಗಿಯರ ಓದು ಮುಗಿಯಿತೆಂದೇ ಅರ್ಥ. ಹತ್ತು ಮಕ್ಕಳಿದ್ದರೂ ತಾಂಡಾದ ಶಾಲೆ ಉಳಿಯಬೇಕು. ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರು ಭಾಗ ಶಿಕ್ಷಣಕ್ಕೆ ಮೀಸಲಿಡಬೇಕು, ಉಳ್ಳವರ ಮತ್ತು ಇಲ್ಲದವರ ಮಕ್ಕಳು ಒಂದೇ ಬಗೆಯ ಶಾಲೆಯಲ್ಲಿ ಕೂಡಬೇಕು ಎಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತ್ತು. ಡಾಕ್ಟರ್ ಲೋಹಿಯಾ ಅವರ ಹಾದಿಯ ಸಮಾಜವಾದಿಗಳು ಹೇಳುತ್ತ ಬಂದದ್ದೂ ಅದನ್ನೇ. ಅಧಿಕಾರಿಯ ಮಗನೂ ಹಮಾಲನ ಮಗನೂ ಒಂದೇ ಬೆಂಚಿನಲ್ಲಿ ಕುಳಿತರೆ ಆ ಶಾಲೆಯ ಚಾವಣಿ ಸೋರುವುದಿಲ್ಲ.

ನಾವು ಮಾಡತಕ್ಕ ಕೆಲಸ

ಭಾಷಣ ಕೇಳಿ ಎದ್ದು ಹೋಗುವುದಕ್ಕಾಗಿ ನಿಮ್ಮನ್ನು ಕರೆದಿಲ್ಲ. ಐದು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಒಂದು, ಎಣಿಕೆ. ಬೇಸಿಗೆ ರಜೆಯಲ್ಲಿ ಓದು ಬಲ್ಲ ಕಾರ್ಮಿಕರು ವಾರದ ರಜೆಯ ದಿನ ಇಬ್ಬಿಬ್ಬರಂತೆ ತಾಂಡಾಗಳಿಗೆ ಹೋಗಬೇಕು. ಮೊದಲು ತಾಂಡಾದ ನಾಯಕರನ್ನು ಕಂಡು, ಅವರ ಒಪ್ಪಿಗೆ ಪಡೆದು, ಆರರಿಂದ ಹದಿನಾರರವರೆಗಿನ ಮಕ್ಕಳನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕು: ಶಾಲೆಗೆ ಹೋಗುವವರೆಷ್ಟು, ಬಿಟ್ಟವರೆಷ್ಟು, ಯಾವ ತರಗತಿಗೆ ಬಿಟ್ಟರು, ಏಕೆ ಬಿಟ್ಟರು. ಆ ಪಟ್ಟಿಯ ಒಂದು ಪ್ರತಿ ಶಾಲಾಭಿವೃದ್ಧಿ ಸಮಿತಿಗೆ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಒಂದು ಪ್ರತಿ ನಮ್ಮಲ್ಲಿ. ಲೆಕ್ಕ ಕೈಯಲ್ಲಿದ್ದರೆ ಕಚೇರಿಯಲ್ಲಿ ಮಾತು ನಡೆಯುತ್ತದೆ.

ಎರಡು, ಬಸ್ಸು. ಶಾಲೆಯ ಗಂಟೆಗೆ ಸರಿಯಾಗಿ ಬಸ್ಸು ಬಿಡಬೇಕೆಂದು ಪೋಷಕರ ಸಹಿ ಸಂಗ್ರಹಿಸಿ ಡಿಪೋಕ್ಕೆ ಅರ್ಜಿ. ಶಾಲೆ ಇಲ್ಲದ ಸಣ್ಣ ವಸತಿಗಳ ಮಕ್ಕಳಿಗೆ ಸಾರಿಗೆಯನ್ನೋ ವಸತಿಯನ್ನೋ ಸರ್ಕಾರವೇ ಒದಗಿಸಬೇಕೆಂಬ ನಿಯಮವನ್ನು ಅರ್ಜಿಯಲ್ಲಿ ಕಾಣಿಸಬೇಕು. ಅದು ಆಗುವ ತನಕ, ಐದಾರು ಹುಡುಗಿಯರಿರುವ ತಾಂಡಾಕ್ಕೆ ಒಂದು ಟಂಟಂ ಬಾಡಿಗೆಗೆ ಗೊತ್ತುಮಾಡಲು ಅಂಗಡಿಗಳವರು ತಿಂಗಳಿಗೆ ಇಷ್ಟೆಂದು ಎತ್ತಿಡಬೇಕು. ಹುಡುಗಿಯರ ಜೊತೆಗೆ ತಾಂಡಾದ ಹಿರಿಯ ಹೆಂಗಸೊಬ್ಬರು ಹೋಗಿಬರುವಂತಾಗಬೇಕು.

ಮೂರು, ಗುಳೆಯ ಕಾಲದ ವಸತಿ. ದೀಪಾವಳಿಗೆ ಎರಡು ತಿಂಗಳು ಮೊದಲೇ ಯಾವ ತಾಂಡಾದಿಂದ ಎಷ್ಟು ಮಕ್ಕಳು ಉಳಿಯಬೇಕು ಎಂದು ಬರೆದುಕೊಟ್ಟು ವಸತಿ ಶಾಲೆ ತೆರೆಸಬೇಕು. ಮಂಜೂರಾತಿ ತಡವಾದರೆ ಜೋಳ, ಬೇಳೆ, ಎಣ್ಣೆ ನಮ್ಮ ಪೇಟೆಗಳಿಂದ ಹೋಗಲಿ. ಅಡತಿಯಲ್ಲಿ ಚೀಲ ಬಿಚ್ಚುವಾಗ ನೆಲಕ್ಕೆ ಚೆಲ್ಲುವ ಕಾಳು ಕೂಡಿಟ್ಟರೇ ಒಂದು ಪಂಕ್ತಿಗೆ ಸಾಕು.

ನಾಲ್ಕು, ಕಾಗದ. ಜಾತಿ, ಆದಾಯ ಪ್ರಮಾಣಪತ್ರವಿಲ್ಲದೆ ಹಾಸ್ಟೆಲೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಅರ್ಜಿ ಬರೆಯಬಲ್ಲವರು ತಿಂಗಳಿಗೊಂದು ದಿನ ಕುಂಚಾವರಂ ಸಂತೆಯಲ್ಲಿ ಮೇಜು ಹಾಕಿ ಕುಳಿತುಕೊಳ್ಳಲಿ. ಒಂದು ಪೈಸೆ ತೆಗೆದುಕೊಳ್ಳದೆ ಬರೆದುಕೊಡಲಿ.

ಐದನೆಯದು ನಿಮಗೆ ಕಹಿಯಾಗಬಹುದು, ಆದರೂ ಹೇಳಲೇಬೇಕು. ನಮ್ಮ ಚಹದ ಅಂಗಡಿ, ಖಾನಾವಳಿ, ಗ್ಯಾರೇಜುಗಳಲ್ಲಿ ಗ್ಲಾಸು ತೊಳೆಯುವ, ಪಾನಾ ಹಿಡಿಯುವ ಹುಡುಗರು ಎಲ್ಲಿಂದ ಬಂದವರು? 'ಪಾಪ, ಬಡವರ ಹುಡುಗ, ಊಟಕ್ಕಾದರೂ ಆಗಲಿ ಎಂದು ಇಟ್ಟುಕೊಂಡಿದ್ದೇವೆ' ಎನ್ನುತ್ತೇವೆ. ಹದಿನಾಲ್ಕರೊಳಗಿನ ಮಗುವನ್ನು ಕೂಲಿಗೆ ಇಡುವುದು 2016ರ ತಿದ್ದುಪಡಿಯಿಂದ ಪೂರ್ತಿ ಅಪರಾಧ. ಕಾಯಿದೆಗಿಂತ ದೊಡ್ಡ ಮಾತು ಇನ್ನೊಂದಿದೆ. ಅವನ ಹಾಜರಿ ಶಾಲೆಯಲ್ಲಿ ತಪ್ಪುವುದು ನಮ್ಮ ಅಂಗಡಿಯಲ್ಲಿ ಅವನು ಹಾಜರಿರುವುದರಿಂದ. ದೊಡ್ಡ ಬಂಡವಾಳಗಾರನ ಶೋಷಣೆಯನ್ನು ಖಂಡಿಸುವ ನಾವು ಸಣ್ಣ ಗಲ್ಲೆಯ ಹಿಂದೆ ಕುಳಿತು ಅದನ್ನೇ ಮಾಡಬಹುದೆ? ಇಲ್ಲಿ ಕುಳಿತಿರುವ ವ್ಯಾಪಾರಿ ಮಿತ್ರರು ಮಕ್ಕಳನ್ನು ದುಡಿಸುವುದಿಲ್ಲವೆಂದು ಇಂದೇ ನಿಶ್ಚಯಿಸಬೇಕು. ದೊಡ್ಡವನನ್ನು ಇಟ್ಟುಕೊಂಡರೆ ನಾಲ್ಕು ಕಾಸು ಹೆಚ್ಚು ಕೊಡಬೇಕಾಗುತ್ತದೆ, ನಿಜ. ಆ ನಾಲ್ಕು ಕಾಸು ಅದೇ ಹುಡುಗನ ಅಪ್ಪನಿಗೋ ಅಣ್ಣನಿಗೋ ಸಲ್ಲಲಿ. ಎಲ್ಲಿಯಾದರೂ ಮಗುವನ್ನು ದುಡಿಸುವುದು ಕಂಡರೆ 1098ಕ್ಕೆ ಫೋನು ಮಾಡಬೇಕು.

ಬಂಧುಗಳೆ, ಕಲಬುರಗಿಯ ಎಂ.ಎಸ್.ಕೆ. ಗಿರಣಿಯ ಭೋಂಗಾ ನಿಂತುಹೋಯಿತು. ಕುರಕುಂಟಾದ ಸರ್ಕಾರಿ ಸಿಮೆಂಟು ಕಾರ್ಖಾನೆಯ ಚಿಮಣಿ ಆರಿತು. ಗಿರಣಿ ಮುಚ್ಚಿದಾಗ ಓದು ಬಲ್ಲವನು ಇನ್ನೊಂದು ದಾರಿ ಹುಡುಕಿದ, ಓದು ಬಾರದವನು ಗಂಟು ಕಟ್ಟಿಕೊಂಡು ಮುಂಬಯಿ ರೈಲು ಹತ್ತಿದ. ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ. ನಾಳೆ ಈ ಕಾರ್ಖಾನೆಗಳ ಗತಿ ಏನಾಗುವುದೋ ಮಾಲೀಕರ ಕೈಯಲ್ಲಿದೆ. ನಮ್ಮ ಮಕ್ಕಳ ಕೈಯಲ್ಲಿ ಅಕ್ಷರ ಇರುವುದೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿದೆ.

ಎಣಿಕೆಗೆ ಹೋಗುವವರ ಹೆಸರು ಬರೆದುಕೊಳ್ಳಲು ಬಾಗಿಲ ಬಳಿ ಒಂದು ವಹಿ ಇಟ್ಟಿದ್ದೇವೆ. ಚಿತ್ತಾಪುರ, ವಾಡಿ, ಸೇಡಂ, ಶಹಾಬಾದುಗಳಿಗೆ ಒಂದೊಂದು ಪುಟ. ಹೆಸರು, ವಾರದ ರಜೆಯ ದಿನ, ಇಷ್ಟು ಬರೆದರೆ ಸಾಕು. ಲಂಬಾಣಿ ಅಥವಾ ತೆಲುಗು ಬಲ್ಲವರು ಅದನ್ನೂ ಬರೆಯಿರಿ, ಜೋಡಿಗೊಬ್ಬರಾದರೂ ಆ ಮಾತು ಬಲ್ಲವರು ಇರಬೇಕು. ಜೂನಿನಲ್ಲಿ ಶಾಲೆಯ ಗಂಟೆ ಬಾರಿಸುವುದಕ್ಕೆ ಮೊದಲು ಮೊದಲ ಪಟ್ಟಿ ಕಚೇರಿಯ ಮೇಜಿನ ಮೇಲೆ ಇರತಕ್ಕದ್ದು.